ಅಣ್ಣನ ಗಾಡಿಗೆ ಪುಣೆಯ ನಂಬರು

ವೈನಿಯ ಎರಡೂ ಕಿಡ್ನಿ ಕೆಟ್ಟಿವೆ ಎಂದು ಡಾಕ್ಟರು ಹೇಳಿದ್ದು ಎಂಬತ್ತರ ದಶಕದ ಕೊನೆಗೆ, ಒಂದು ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಶೇಡಬಾಳದಲ್ಲಿ ಅವರ ಮನೆ, ಊರ ಹೊರಗೆ ದ್ರಾಕ್ಷಿ ತೋಟ. ಮಕ್ಕಳಿರಲಿಲ್ಲ. ನಾನು ಮದುವೆಯಾಗಿ ಪುಣೆ ಸೇರಿ ಆರು ವರ್ಷವಾಗಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಬೇಕು, ಪುಣೆಗೆ ಹೋಗಿ ಎಂದರಂತೆ. ನಮ್ಮ ಮನೆಗೇ ಬನ್ನಿ ಎಂದು ನಾನೇ ಪತ್ರ ಬರೆದೆ.

ಅಣ್ಣ ಆಕೆಯನ್ನು ತನ್ನ ಪಿಕಪ್ಪಿನಲ್ಲೇ ಕರೆತಂದ. ಹಿಂದೆ ಹತ್ತಿಯ ಗಾದಿ, ಅದರ ಮೇಲೆ ಎರಡು ಕೌದಿ, ಬಿಸಿಲು ಬೀಳದಂತೆ ತಾಡಪತ್ರಿ. ದ್ರಾಕ್ಷಿ ಪೆಟ್ಟಿಗೆ ಒಯ್ಯಲು ತೆಗೆದುಕೊಂಡ ಗಾಡಿ ಅದು. ಬಾಡಿಗೆಗಲ್ಲ, ಸ್ವಂತ ಉಪಯೋಗಕ್ಕೆ ಎಂದು ಬರೆದುಕೊಟ್ಟು ನೋಂದಣಿ ಮಾಡಿಸಿದ್ದ. ಊರಲ್ಲಿ ಯಾರಾದರೂ ಬಾಡಿಗೆ ಎಷ್ಟು ಎಂದು ಕೇಳಿದರೆ, "ಇದು ಮನಿ ಗಾಡಿ ಐತ್ರಿ. ಹತ್ರಿ, ಹಂಗಽ ಬಿಟ್ಟು ಬರತೀನಿ" ಎನ್ನುತ್ತಿದ್ದ.

ನಮ್ಮದು ಮೂರು ಮಹಡಿಯ ಕಟ್ಟಡ, ನಾವಿದ್ದದ್ದು ಎರಡನೆಯದರಲ್ಲಿ. ಕೆಳಗಿನ ಅಂಗಳದಲ್ಲಿ ಸ್ಕೂಟರುಗಳು, ಒಂದೆರಡು ಕಾರು. ಅಣ್ಣ ಬಂದ ವಾರದೊಳಗೆ ಸೊಸೈಟಿಯ ಸೆಕ್ರೆಟರಿ ಮೇಲೆ ಬಂದರು. ಹೊರಗಿನ ನಂಬರಿನ ಸಾಮಾನಿನ ಗಾಡಿ ಒಳಗೆ ನಿಲ್ಲಿಸುವಂತಿಲ್ಲ, ಎಲ್ಲರೂ ಮಾಡಿಕೊಂಡ ನಿಯಮ ಎಂದರು. ಮರಾಠಿ ಅಣ್ಣನಿಗೆ ಕನ್ನಡದಷ್ಟೇ ಸಲೀಸು, ಆದರೂ ವಾದಕ್ಕಿಳಿಯದೆ ಗಾಡಿ ಹೊರಗೆ ತೆಗೆದ. ಗಲ್ಲಿಯಲ್ಲಿ ನಿಲ್ಲಿಸಿ ನೋಡಿದ. ಎರಡು ಸಲ ಯಾರೋ ಗಾಲಿಯ ಗಾಳಿ ಬಿಟ್ಟರು. ಕೊನೆಗೆ ಹತ್ತು ನಿಮಿಷ ನಡೆಯುವಷ್ಟು ದೂರದಲ್ಲಿದ್ದ ಕಟ್ಟಿಗೆ ಅಡ್ಡೆಯವರ ಕೈಕಾಲು ಹಿಡಿದು ಒಂದು ಮೂಲೆ ಸಂಪಾದಿಸಿದ.

ಡಯಾಲಿಸಿಸ್ ಆದ ದಿನ ವೈನಿಗೆ ಮೆಟ್ಟಿಲು ಹತ್ತಲು ತ್ರಾಣ ಇರುತ್ತಿರಲಿಲ್ಲ. ಅಣ್ಣನೇ ಎತ್ತಿಕೊಂಡು ಬರಬೇಕು. ಗೇಟಿನ ಮುಂದೆ ಗಾಡಿ ನಿಂತರೆ ಹಿಂದಿನವರು ಹಾರ್ನ್ ಹೊಡೆಯುವರು. ಆಕೆಯನ್ನು ಕಟ್ಟೆಯ ಮೇಲೆ ಕೂರಿಸಿ ಅಣ್ಣ ಗಾಡಿ ಬಿಡಲು ಅಡ್ಡೆಗೆ ಹೋಗುವನು, ಅಲ್ಲಿಂದ ಓಡಿ ಬರುವನು. ಅಷ್ಟು ಹೊತ್ತು ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ವಾಂತಿ ತಡೆಯುತ್ತ, ನನ್ನ ಹೆಗಲಿಗೆ ಒರಗಿ ಕೂಡುವಳು. ಹೋಗಿ ಬರುವವರು ನೋಡುವರು. ನಾನು ನೆಲ ನೋಡುತ್ತಿದ್ದೆ.

ಹೀಗೆ ಹನ್ನೊಂದು ತಿಂಗಳಾಯಿತು. ಒಂದು ದಿನ ರಸ್ತೆಯಲ್ಲಿ ಪೊಲೀಸರೊಬ್ಬರು ಗಾಡಿ ನಿಲ್ಲಿಸಿ ಕಾಗದ ನೋಡಿದರು. ವರ್ಷಕ್ಕಿಂತ ಹೆಚ್ಚು ಇಲ್ಲಿಡುವುದಾದರೆ ಇಲ್ಲಿಯ ನಂಬರು ಮಾಡಿಸಬೇಕು, ಅದಕ್ಕೆ ನಿಮ್ಮ ಜಿಲ್ಲೆಯ ಆರ್‌ಟಿಓದಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ತರಬೇಕು ಎಂದರಂತೆ. ಅದೇ ಸಂಜೆ ಸೆಕ್ರೆಟರಿಯೂ ನನ್ನ ಯಜಮಾನರಿಗೆ, ನಿಮ್ಮ ಮನೆಯ ವಿಳಾಸಕ್ಕೆ ನೋಂದಣಿಯಾದರೆ ಒಳಗೆ ಜಾಗ ಕೊಡಲು ಅಡ್ಡಿಯಿಲ್ಲ ಎಂದರು.

ಅರ್ಜಿಗೆ ಚೆಸ್ಸಿ ನಂಬರಿನ ಅಚ್ಚು ಬೇಕಾಗಿತ್ತು. ಆಸ್ಪತ್ರೆಗೆ ಹೋಗದ ದಿನ ಮೂವರೂ ಮೆಲ್ಲಗೆ ಅಡ್ಡೆಗೆ ನಡೆದೆವು. ಅಣ್ಣ ಬಾನೆಟ್ಟು ಎತ್ತಿದ. ವೈನಿ ತೆಳುವಾದ ಕಾಗದವನ್ನು ಒತ್ತಿ ಹಿಡಿದಳು, ಅವನು ಮೇಲೆ ಪೆನ್ಸಿಲ್ ತಿಕ್ಕಿದ. ಒಂದೊಂದೇ ಅಂಕಿ ಬಿಳಿಯಾಗಿ ಮೂಡಿ ಬಂತು. "ಗಾಡಿದೂ ಕುಂಡಲಿ ಬರಿಯಾಕತ್ತೀರೇನ?" ಎಂದು ವೈನಿ ನಕ್ಕಳು. ಎಷ್ಟೋ ತಿಂಗಳ ಮೇಲೆ ನಾನು ಕೇಳಿದ ನಗೆ ಅದು.

ಆದರೆ ಅಣ್ಣನಿಗೆ ಆ ಪತ್ರಕ್ಕಾಗಿ ಊರ ಕಡೆ ಹೋಗಲು ಮನಸ್ಸಿರಲಿಲ್ಲ.

"ಇಕೀನ ಬಿಟ್ಟು ಹೆಂಗ ಹೋಗಲಿ?"

"ನಾಕ ದಿನದ ಕೆಲಸ, ಅಣ್ಣಾ. ನಾ ಇಲ್ಲೇನ? ರಿಕ್ಷಾದಾಗ ಕರಕೊಂಡ ಹೋಗ್ತೀನಿ" ಎಂದೆ.

ಆಕೆಗೆ ಅನುಕೂಲವಾಗಲಿ ಎಂದು ಹೇಳಿದೆ ಎಂದರೆ ಅರ್ಧ ಸುಳ್ಳು. ಗೇಟಿನ ಕಟ್ಟೆಯ ಮೇಲೆ ಜನರ ಕಣ್ಣೆದುರು ಕೂತು ಕೂತು ನನಗೆ ಸಾಕಾಗಿತ್ತು. ಆ ನಂಬರೊಂದು ಆಗಿಬಿಟ್ಟರೆ ನಾವೂ ಈ ಕಟ್ಟಡದ ಮಂದಿಯಂತೆ ಆದೇವು ಎನ್ನಿಸಿತ್ತು.

ಗಾಡಿ ತೆಗೆದರೆ ಅಡ್ಡೆಯ ಜಾಗ ಹೋದೀತೆಂದು ಅಣ್ಣ ಅದನ್ನು ಅಲ್ಲೇ ಬಿಟ್ಟು ಸೋಮವಾರ ರೈಲಿಗೆ ಹೋದ. ಬುಧವಾರ ಆರ್‌ಟಿಓ ಆಫೀಸಿನ ಹತ್ತಿರದಿಂದ ನಮ್ಮ ಕೆಳಗಿನ ಮನೆಗೆ ಫೋನ್ ಮಾಡಿದ. "ತೆರಿಗಿ ರಶೀದಿ ಊರಾಗ ಉಳದೈತಿ. ತಗೊಂಡ ಹೋಗಿ ಕೊಡಬೇಕು, ಇನ್ನೆರಡ ದಿನ ಆಗತೈತಿ. ಹೆಂಗದಾಳ?" ಎಂದು ಕೇಳಿದ. ಆರಾಮ ಇದ್ದಾಳೆ ಎಂದೆ. ಅವತ್ತು ಇದ್ದಳು ಕೂಡ.

ಶನಿವಾರ ಬೆಳಿಗ್ಗೆ ವೈನಿಗೆ ಏದುಸಿರು ಹತ್ತಿತು. ಯಜಮಾನರು ರಿಕ್ಷಾ ತರಲು ಓಡಿದರು. ಗಾಡಿಯ ಕೀಲಿ ನಮ್ಮ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ನಮ್ಮಿಬ್ಬರಿಗೂ ನಡೆಸಲು ಬರುತ್ತಿರಲಿಲ್ಲ. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದೆವು. ರಿಕ್ಷಾದಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದು, "ಅವರ ರೈಲಗಾಡಿ ಬಂತೇನ?" ಎಂದಳು. ಬರುತ್ತೆ ಎಂದೆ. ಮಧ್ಯಾಹ್ನಕ್ಕೆ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು.

ಊರಿನ ಕಿರಾಣಿ ಅಂಗಡಿಗೆ ಫೋನ್ ಮಾಡಿಸಿದೆವು. "ಅವರು ನಿನ್ನೇನ ಹೋಗ್ಯಾರ್ರಿ" ಎಂಬ ಉತ್ತರ ಬಂತು. ಅಣ್ಣನಿಗೆ ಸುದ್ದಿ ಮುಟ್ಟಿಸುವ ದಾರಿಯೇ ಇರಲಿಲ್ಲ. ಆಕೆಯನ್ನು ನಮ್ಮ ಮನೆಯಲ್ಲೇ ಮಲಗಿಸಿ, ಸುತ್ತ ಬರ್ಫದ ಗಡ್ಡೆ ಇಟ್ಟು ಕಾದೆವು.

ಭಾನುವಾರ ಬೆಳಿಗ್ಗೆ ನಾನು ಕಿಟಕಿಯಲ್ಲಿ ನಿಂತಿದ್ದೆ. ಅಣ್ಣ ಹೆಗಲಿಗೆ ಚೀಲ ಹಾಕಿಕೊಂಡು ಗೇಟಿನೊಳಗೆ ಬಂದ. ಅಂಗಳದಲ್ಲಿ ಸೆಕ್ರೆಟರಿ ಇದ್ದರು. ಅವರನ್ನು ಕಂಡವನೇ ಜೇಬಿನಿಂದ ಕಾಗದ ತೆಗೆದು ತೋರಿಸಿ, ಸಿಕ್ಕಿತು ಸಾಹೇಬರೇ, ಇನ್ನು ಇಲ್ಲಿಯ ನಂಬರು ಆಗುತ್ತೆ ಎಂದು ಮರಾಠಿಯಲ್ಲಿ ಹೇಳಿದ. ಅವನ ಮುಖದಲ್ಲಿ ನಗುವಿತ್ತು. ಸೆಕ್ರೆಟರಿ ಕಾಗದ ನೋಡಲಿಲ್ಲ. ಅವನ ರಟ್ಟೆ ಹಿಡಿದುಕೊಂಡರು, ಬಿಡಲಿಲ್ಲ. ಅಣ್ಣ ತಲೆಯೆತ್ತಿ ನಮ್ಮ ಕಿಟಕಿ ನೋಡಿದ.

ವೈನಿಯ ಹತ್ತಿರ ಅವನು ಬಹಳ ಹೊತ್ತು ಕೂತ. ಅಳಲಿಲ್ಲ. ಆಮೇಲೆ, "ಊರಿಗಿ ಒಯ್ಯತೀನಿ" ಎಂದಷ್ಟೇ ಹೇಳಿದ. ಸೆಕ್ರೆಟರಿ ತಾವೇ ನಿಂತು ಅಂಗಳದ ಸ್ಕೂಟರುಗಳನ್ನೆಲ್ಲ ಸರಿಸಿದರು. ಆ ದಿನ ಪಿಕಪ್ಪು ಒಳಗೆ ಬಂದು ಮೆಟ್ಟಿಲಿಗೆ ತಾಗಿ ನಿಂತಿತು. ಅಣ್ಣನೇ ಆಕೆಯನ್ನು ಎತ್ತಿಕೊಂಡು ಇಳಿದ. ನಾನು ಹಿಂದೆ ಆಕೆಯ ತಲೆಯ ಬಳಿ ಕೂತೆ. ಇಳಿಹೊತ್ತಿಗೆ ಊರು ಮುಟ್ಟಿದೆವು.

ಪುಣೆಯ ನಂಬರು ಆಗಲೇ ಇಲ್ಲ. ಆ ಗಾಡಿ ಇನ್ನೂ ಐದಾರು ವರ್ಷ ಹಳೆಯ ನಂಬರಿನಲ್ಲೇ ದ್ರಾಕ್ಷಿ ಹೊತ್ತಿತು, ಆಮೇಲೆ ಅಥಣಿಯ ಕಡೆಯವರೊಬ್ಬರಿಗೆ ಕೊಟ್ಟುಬಿಟ್ಟ. ಅವನು ಬೇರೆ ಮದುವೆಯಾಗಲಿಲ್ಲ, ಪುಣೆಗೂ ಬರಲಿಲ್ಲ. ಒಂದು ದೀಪಾವಳಿಗೆ ನಾನು ಊರಿಗೆ ಹೋದಾಗ ತೋಟದ ಬದುವಿನ ಮೇಲೆ ಕೂತಿದ್ದೆವು. ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಅವತ್ತು ಹೇಳಿದೆ.

"ನಾನಽ ನಿನ್ನ ಕಳಿಸಿದ್ನಿ, ಅಣ್ಣಾ. ಮಂದಿ ನೋಡತಾರಂತ ನನಗ ನಾಚಿಕಿ ಬಂದಿತ್ತು."

ಅಣ್ಣ ಒಂದು ಒಣಗಿದ ಬಳ್ಳಿ ಮುರಿಯುತ್ತ ಕೂತಿದ್ದ.

"ರಶೀದಿ ಬುಧವಾರ ಸಂಜಿಕೇ ಸಿಕ್ಕಿತ್ತವ್ವ. ಮರುದಿನಾನ ಆಫೀಸಿಗೆ ಹೋಗಬಹುದಿತ್ತು. ಬಳ್ಳಿ ಕತ್ತರಸೂ ಚಾಟಣಿ ನಡದಿತ್ತು. ವರ್ಷ ಆಗಿತ್ತು ತ್ವಾಟಾ ನೋಡಿ. ಒಂದ ದಿನಾ ಇರೂಣು ಅನಿಸಿತು. ಗುರುವಾರ ಇಡೀ ದಿನ ಇಲ್ಲೇ ಇದ್ನಿ."

ಮುರಿದ ಬಳ್ಳಿಯ ತುಂಡನ್ನು ಅವನು ಬದುವಿನಾಚೆ ಎಸೆದ.

"ಆಸ್ಪತ್ರಿ ವಾಸನಿ ಇಲ್ಲದ್ದು ಒಂದ ದಿನಾ" ಎಂದ. "ಅವತ್ತ ನಿದ್ದಿ ಚಲೋ ಬಂದಿತ್ತು" ಎಂದು ಹೇಳಿ, ಧೋತರ ಝಾಡಿಸಿಕೊಂಡು ಎದ್ದು, ಬಳ್ಳಿಗಳ ಸಾಲಿನೊಳಗೆ ಹೋದ.