ಲೂಸ್ ಆಗಿದ್ದು ಮಂಡಿ

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಬಸ್ ಕಂಡಕ್ಟರ್. ಬಾಗಿಲಲ್ಲಿ ನಿಂತು ‘ರೈಟ್’ ಅಂದರೆ ಕೊನೆಯ ಸೀಟಿನಲ್ಲಿ ತೂಕಡಿಸುವವರೂ ಬೆಚ್ಚಿಬೀಳಬೇಕು, ಅಂಥ ಗಂಟಲು. ನಿಂತೇ ದುಡಿದು ಬಲಮಂಡಿ ಸವೆಯಿತು. ದೊಡ್ಡ ಆಸ್ಪತ್ರೆಯ ದೊಡ್ಡ ಡಾಕ್ಟರು ಬದಲಿ ಮಂಡಿ ಹಾಕಿದರು. ಒಂದೆರಡು ವರ್ಷ ಸುಖವಾಗಿತ್ತು. ಆಮೇಲೆ ಮೆಟ್ಟಿಲ ಮೇಲೆ ಕಾಲೂರಿದರೆ ಸಾಕು, ಒಳಗೇನೋ ಅಲ್ಲಾಡಿದ ಹಾಗೆ, ಜೀವ ಹೋಗುವಷ್ಟು ನೋವು.

“ಸಾರ್, ಒಳಗೆ ಲೂಸ್ ಆಗಿದೆ ಅನ್ಸುತ್ತೆ,” ಅಂದಳಂತೆ ಅತ್ತೆ.

ಡಾಕ್ಟರು ಎಕ್ಸ್‌ರೇಯನ್ನು ನೋಡಿಯೂ ನೋಡದ ಹಾಗೆ ಮಾಡಿ, ತೆರೆದ ಬಾಗಿಲಿನಾಚೆ ಕೂತವರಿಗೆಲ್ಲ ಕೇಳುವಂತೆ ಹೇಳಿದರು: “ಮಂಡಿ ಗಟ್ಟಿಯಾಗೇ ಇದೆಯಮ್ಮ. ಲೂಸ್ ಆಗಿರೋದು ನಿಮ್ಮ ತಲೆ.”

ಹೊರಗಿದ್ದವರು ಕಿಸಕ್ಕನೆ ನಕ್ಕರು. ಮಾತು ಅಲ್ಲಿಗೇ ನಿಂತಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಜೊತೆಗೆ ಹೋಗಿದ್ದ ಮಾವ ಅದನ್ನು ಮನೆಗೆ ತಂದರು, ಮನೆಯಿಂದ ಡಿಪೋಗೆ ಹೋಯಿತು. ಅತ್ತೆ ಕುಂಟಿದರೆ ‘ನಾಟಕ’, ಅತ್ತರೆ ‘ಲೂಸು’. ಬಸ್ಸಿನಿಂದ ಇಳಿಸಿ, ಪ್ರಯಾಣಿಕರು ಮರೆತುಹೋದ ಕೊಡೆ, ಚೀಲ ಕಾಯುವ ಕಿಟಕಿಯಲ್ಲಿ ಕೂರಿಸಿದರು. ಆ ಡಾಕ್ಟರನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

“ತಲೆ ಅಲ್ಲ, ಮಂಡಿ ಅಂತ ಅವನ ಬಾಯಿಂದಲೇ ಹೇಳಿಸ್ತೀನಿ, ನೋಡ್ತಿರು,” ಅನ್ನುತ್ತಿದ್ದಳು ಅತ್ತೆ.

ಕೊನೆಗೆ ಬೇರೊಂದು ಆಸ್ಪತ್ರೆಯ ಡಾಕ್ಟರಮ್ಮ ಮಂಡಿ ಬಿಚ್ಚಿ ನೋಡಿದರು. ಬದಲಿ ಮಂಡಿಯ ತುಂಡು ಸಡಿಲವಾಗಿ ಮೂಳೆಯನ್ನೇ ತಿಂದುಹಾಕಿತ್ತು. ಅದನ್ನು ತೆಗೆದು, ಮೂಳೆಯೊಳಗೆ ಇಳಿಯುವ ಉದ್ದನೆಯ ಸರಳಿರುವ ಹೊಸ ಮಂಡಿ ಕೂರಿಸಿದರು.

“ಕೀಲಿನ ಹತ್ತಿರ ಮಾತ್ರ ಸಿಮೆಂಟ್ ಹಾಕಿದೀನಿ. ಸರಳನ್ನ ನಿಮ್ಮ ಮೂಳೆನೇ ಹಿಡ್ಕೋಬೇಕು. ಎಷ್ಟು ವರ್ಷ ಹಿಡಿಯುತ್ತೋ ನೋಡೋಣ,” ಅಂದರು.

“ಹಿಡ್ಕೊಳ್ಳುತ್ತೆ ಬಿಡಿ. ನಾನು ಹಿಡಿದದ್ದನ್ನ ಬಿಡೋಳಲ್ಲ,” ಅಂದಳು ಅತ್ತೆ.

ಹಿಡಿಯಿತು. ಅತ್ತೆ ಮತ್ತೆ ಬಸ್ಸು ಹತ್ತಿದಳು. ಹತ್ತು ವರ್ಷ ದಾಟಿದರೂ ಎಕ್ಸ್‌ರೇಯಲ್ಲಿ ಆ ಸರಳು ಕೂದಲೆಳೆಯಷ್ಟೂ ಜರುಗಿರಲಿಲ್ಲ. ಅವಳ ಸಿಟ್ಟೂ ಜರುಗಿರಲಿಲ್ಲ.

ಹೋದ ವರ್ಷ ತಪಾಸಣೆಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರಮ್ಮನ ಕೋಣೆಯ ಹೊರಗೆ ಊರುಗೋಲು ಹಿಡಿದು ಕೂತಿದ್ದವರು ಯಾರು ಅಂತೀರಿ? ಅದೇ ದೊಡ್ಡ ಡಾಕ್ಟರು! ಅತ್ತೆ ದಡದಡ ನಡೆದು ಬಂದದ್ದನ್ನು ಆಸೆಗಣ್ಣಿನಿಂದ ನೋಡಿದರು. ಅವರಿಗೆ ಅತ್ತೆಯ ಗುರುತು ಸಿಗಲಿಲ್ಲ.

“ನಿಮ್ದು ಎರಡನೇ ಆಪರೇಷನ್ನಾ ಅಮ್ಮ? ನಂದೂ ಬದಲಿ ಮಂಡಿ, ಲೂಸ್ ಆಗಿದೆ. ಮತ್ತೆ ಕೊಯ್ಯಿಸ್ಕೊಳ್ಳೋಕೆ ಭಯ. ಆ ಎಕ್ಸ್‌ರೇ ಸ್ವಲ್ಪ ತೋರಿಸ್ತೀರಾ?”

ಅತ್ತೆ ಎಕ್ಸ್‌ರೇ ಕವರನ್ನು ಎದೆಗವಚಿಕೊಂಡಳು. “ಮೊದಲು ಟಿಕೆಟ್ ತಗೊಳ್ಳಿ ಸಾರ್.”

“ಏನು?”

“ನಿಮ್ಮ ಹಳೇ ಪೇಷೆಂಟ್ ನಾನು. ತಲೆ ಲೂಸು ಅಂದಿದ್ರಲ್ಲ, ಆ ಕಂಡಕ್ಟರ್. ಲೂಸ್ ಆಗಿದ್ದು ಮಂಡಿ, ತಲೆ ಅಲ್ಲ ಅನ್ನಿ. ಆಮೇಲೆ ತೋರಿಸ್ತೀನಿ.”

ಡಾಕ್ಟರ ಮುಖ ಬಿಳಿಚಿಕೊಂಡಿತು. ನನಗಂತೂ ಹೊಟ್ಟೆ ತಣ್ಣಗಾಯಿತು. ಡಾಕ್ಟರು ಸುತ್ತ ಒಮ್ಮೆ ನೋಡಿ, ತಲೆ ತಗ್ಗಿಸಿ ಗೊಣಗಿದರು: “ಲೂಸ್ ಆಗಿದ್ದು ನಿಮ್ಮ ಮಂಡಿ. ತಲೆ ಅಲ್ಲ.”

ಅತ್ತೆ ಕವರು ಬಿಚ್ಚಲಿಲ್ಲ. ಕಿಕ್ಕಿರಿದ ಕುರ್ಚಿಗಳ ಸಾಲಿನತ್ತ ತಿರುಗಿದಳು.

“ಜೋರಾಗಿ ಹೇಳಿ ಸಾರ್. ಹಿಂದಿನ ಸೀಟಿನವರಿಗೆ ಕೇಳಿಸ್ಲಿಲ್ಲ.”