ನೀಲಮ್ಮನ ಲಾಗಿನ್

ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ. ಶಹಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು ದೆವ್ವ ನಂಬಿದರೆ ಹುಡುಗರು ಬಿಟ್ಟಾರೆಯೇ? ಆದರೂ ಹೋದ ತಿಂಗಳು, ಹಾಡಹಗಲಲ್ಲಿ, ಸ್ಟಾಫ್ ರೂಮಿನಲ್ಲಿ ಚುರಮುರಿ ಸೂಸಲ ತಿನ್ನುತ್ತಾ ಪರದೆ ನೋಡಿದವಳು ತಟ್ಟೆ ಬಿಟ್ಟು ಎದ್ದು ನಿಂತೆ. ‘ಕೊನೆಯ ಬದಲಾವಣೆ: ನೀಲಮ್ಮ, ಈಗಷ್ಟೇ’ ಎಂದಿತ್ತು ಅಲ್ಲಿ. ನೀಲಮ್ಮನನ್ನು ಮಣ್ಣು ಮಾಡಿ ಬಂದವರಲ್ಲಿ ನಾನೂ ಒಬ್ಬಳು.

ಸುರಪುರದ ಈ ಗೆಳತಿ ಮತ್ತು ನಾನು ಸೇರಿ, ಬೋನಾಳ ಕೆರೆಯ ಹಕ್ಕಿಗಳನ್ನು ಕೂಗಿನಿಂದಲೇ ಗುರುತಿಸುವ ಒಂದು ಪ್ರೋಗ್ರಾಮ್ ಬರೆಯುತ್ತಿದ್ದೆವು. ಹೀಗೆ ಬರೆದದ್ದನ್ನೂ ರೆಕಾರ್ಡ್ ಮಾಡಿದ ಕೂಗುಗಳನ್ನೂ ಇಡಲು ಅಂತರ್ಜಾಲದಲ್ಲಿ ತಾಣಗಳಿವೆ. ನನಗೊಂದು ರೂಢಿ, ಅವಳಿಗೆ ಇನ್ನೊಂದು, ಇಬ್ಬರೂ ಹಟಮಾರಿಗಳು. ಕೊನೆಗೆ ಎರಡಕ್ಕೂ ಗಂಟು ಹಾಕಿದೆವು. ಅವಳ ತಾಣದಲ್ಲಿ ಬರೆದದ್ದು ತಾನಾಗಿ ನನ್ನದಕ್ಕೂ ಬರಬೇಕು, ಅಲ್ಲಿ ಅಳಿಸಿದ್ದು ಇಲ್ಲಿಯೂ ಅಳಿಯಬೇಕು. ‘ಈಗ ನಾವಿಬ್ರೂ ಒಂದ ಮನಿ ಸೊಸಿಯಂದ್ರು ನೋಡವಾ’ ಎಂದು ನಕ್ಕಿದ್ದಳು. ಅಳಿಸುವ ಮಾತಿಗೆ ಆಗ ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಕೂಗನ್ನು ರೆಕಾರ್ಡ್ ಮಾಡುವಾಗ ಮೊದಲು ಊರು, ಹೊತ್ತು, ಗಾಳಿ ಇದೆಯೋ ಇಲ್ಲವೋ ಎಲ್ಲ ಹೇಳುವುದು ಅವಳ ಪದ್ಧತಿ. ಈಗ ಆ ಮಾತುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಹಕ್ಕಿ ಉಳಿಯುತ್ತಿತ್ತು, ನೀಲಮ್ಮ ಹೋಗುತ್ತಿದ್ದಳು. ಹಳೆಯ ಪ್ರತಿಗಳನ್ನು ಹುಡುಕಿದರೆ ಅವನ್ನೂ ಬೇರುಸಹಿತ ಕಿತ್ತಾಗಿತ್ತು. ಕಿತ್ತವರ ಹೆಸರು ಪ್ರತಿ ಸಲವೂ ನೀಲಮ್ಮ. ಶಿವಶಿವಾ, ಸತ್ತವಳು ಕೂತು ತನ್ನನ್ನು ತಾನೇ ಒರೆಸಿಕೊಳ್ಳುತ್ತಿದ್ದಾಳಲ್ಲ! ಗಂಟು ಬಿಚ್ಚೋಣವೆಂದರೆ ಅದರ ಕೀಲಿಯೂ ಅವಳ ಕಡೆಯೇ. ನನಗೆ ಆ ಧ್ವನಿ ಬೇಕಿತ್ತು. ಅದನ್ನು ಬಿಟ್ಟರೆ ಅವಳದೆಂದು ನನ್ನ ಬಳಿ ಏನೂ ಉಳಿದಿರಲಿಲ್ಲ. ಸುರಪುರದ ಬಸ್ಸು ಹತ್ತಿದೆ.

ಅವಳ ಕಂಪ್ಯೂಟರಿನ ಮುಂದೆ ಅವಳ ಗಂಡ ಶಿವಪ್ಪ ಕೂತಿದ್ದ. ಅವಳ ಹೆಸರಿನಲ್ಲಿ ಅಳಿಸುತ್ತಿರುವವರು ಯಾರೆಂದು ಕೇಳಿದೆ.

‘ನಾನ ಅಕ್ಕಾರ. ನನಗ ಬ್ಯಾರೆ ಲಾಗಿನ್ ಎಲ್ಲದರಿ?’

ದೆವ್ವದ ಕಥೆ ಇಷ್ಟೇ. ನಮ್ಮ ಕಡೆ ಮನೆಗೊಂದು ಲಾಗಿನ್ ಸಾಕು. ನಮ್ಮ ಮಾವನವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಗ್ಯಾಸ್ ಸಿಲಿಂಡರ್ ಮಾತ್ರ ಇವತ್ತಿಗೂ ಅವರ ಹೆಸರಿಗೇ ಬರುತ್ತದೆ. ನಾವು ಯಾರೂ ಹೆದರುವುದಿಲ್ಲ.

ಶಿವಪ್ಪ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. ‘ಆಕಿ ಹಿಡಿದ ಕೆಲಸ, ಮುಗಸಬೇಕಲ್ರಿ. ಆದರ ಇದರಾಗ ಆಕಿ ಮಾತಾಡಿದ ಕೂಡ್ಲೆ ನಮ್ಮವ್ವ, ನೀಲಿ ಬಂದಳು ಅಂತ ಚಾ ಇಡಾಕ ಹೋಗ್ತಾಳ. ಎಷ್ಟು ಸಲ ಹೇಳೂದ್ರಿ, ಆಕಿ ಇಲ್ಲ ಅಂತ?’

ಜಗಳಕ್ಕೆಂದು ಹೋದವಳು ಕುರ್ಚಿ ಎಳೆದುಕೊಂಡೆ. ಆ ಮನೆಯಲ್ಲಿ ಆ ಧ್ವನಿ ಇರುವಂತಿಲ್ಲ, ನನ್ನಲ್ಲಿ ಇಲ್ಲದೆ ನಡೆಯುವುದಿಲ್ಲ. ಇಬ್ಬರೂ ಕೂತು ಗಂಟು ಬಿಚ್ಚಿದೆವು. ಕತ್ತರಿ ಬೀಳದೆ ಉಳಿದದ್ದು ಒಂದೇ ರೆಕಾರ್ಡಿಂಗ್. ಅದೊಂದು ನನ್ನ ಕಡೆ ಉಳಿಯಿತು.

ಬಸ್ ಸ್ಟ್ಯಾಂಡಿನ ತನಕ ಕಳಿಸಲು ಬಂದವನು ಅತ್ತಿತ್ತ ನೋಡಿ, ‘ಒಮ್ಮೆ ಶಹಾಪುರಕ್ಕ ಬರ್ಲೇನ್ರಿ?’ ಎಂದ. ನನಗೆ ಅಳು ಬಂತು. ‘ಬರ್ರಿ’ ಎಂದೆ.

ರವಿವಾರವೇ ಬಂದ. ರೆಕಾರ್ಡಿಂಗ್ ಹಚ್ಚಿದೆ. ‘ಬೋನಾಳ. ಮುಂಜಾನಿ. ಗಾಳಿ ಇಲ್ಲ’ ಎಂದಳು ನೀಲಮ್ಮ. ಆಮೇಲೆ, ಅವತ್ತು ಕೆರೆ ದಂಡೆಯಲ್ಲಿ ಪಕ್ಕದಲ್ಲಿದ್ದ ಗಂಡನಿಗೆ, ‘ರೀ, ಸ್ವಲ್ಪ ಸುಮ್ಕಿರ್ರಿ. ಹಾರಿ ಹೋಗ್ತದ.’

ಏನೋ ಹೇಳಲು ಬಾಯಿ ತೆರೆದಿದ್ದ ಶಿವಪ್ಪ ತಟ್ಟನೆ ಮುಚ್ಚಿದ. ಹಕ್ಕಿ ಕೂಗಿ ಮುಗಿಸಿತು, ಪರದೆ ತಾನಾಗಿ ಆರಿತು. ಅವನು ಉಸಿರೂ ಬಿಡದೆ ಹಾಗೇ ಕೂತಿದ್ದ. ನಾನೂ ಕದಲಲಿಲ್ಲ.