ಪೈಲ್ವಾನ ಬೀಳುವ ಮೊದಲು

ವಿಡಿಯೋ ಗೇಮ್ ಅಂದರೆ ಅಂಗಡಿಗೆ ಹೋಗಿ, ನಾಣ್ಯ ಹಾಕಿ, ನಿಂತು ಆಡುವ ಕಾಲ ಅದು. ಆಗ ಗೋಕುಲ ರಸ್ತೆಗೆ ಬೇರೆಯದೇ ವಾಸನೆ ಇತ್ತು. ಹಗಲೆಲ್ಲ ವರ್ಕ್‌ಶಾಪುಗಳ ಎಣ್ಣೆ ಮತ್ತು ಕಾದ ಕಬ್ಬಿಣ, ಸಂಜೆಯಾದರೆ ಗಾಡಿಯ ಮಿರ್ಚಿ ಭಜಿ. ಅವುಗಳ ನಡುವೆ ಈರಪ್ಪ ಕಾಕಾನ ಅಂಗಡಿ. ಮೊದಲು ಲೇಥ್ ಮಷೀನು ನಡೆಸುತ್ತಿದ್ದ ಕಾಕಾ, ಅದನ್ನು ಮಾರಿ ಅದೇ ಜಾಗದಲ್ಲಿ ಕಪಾಟಿನಷ್ಟೆತ್ತರದ ಎರಡು ಗೇಮಿನ ಡಬ್ಬಿ ತಂದಿಟ್ಟಿದ್ದ. ಒಂದರಲ್ಲಿ ಕಾರು ಓಡಿಸುವುದು, ಇನ್ನೊಂದರಲ್ಲಿ ಹೊಡೆದಾಟ. ನಮ್ಮ ಜೀವವೆಲ್ಲ ಹೊಡೆದಾಟದಲ್ಲೇ.

ಹಾಳೆಯ ಮೇಲೆ ಬರೆದ ಚಿತ್ರಗಳಂಥ ಮಂದಿ ಅದರಲ್ಲಿ. ಮುಖದ ಅರ್ಧ ತುಂಬುವ ಕಣ್ಣು, ಮುಳ್ಳಿನಂತೆ ನಿಂತ ಕೂದಲು. ಪರದೆಯ ಮೇಲಿನ ಜಪಾನಿ ಅಕ್ಷರ ನಮಗ್ಯಾರಿಗೂ ಓದಲು ಬಾರದು, ಹಾಗಾಗಿ ಹೆಸರು ನಾವೇ ಇಟ್ಟೆವು. ಎರಡು ಜಡೆಯವಳು ಗಂಗವ್ವ. ಹಣೆಗೆ ಕೆಂಪು ಬಟ್ಟೆ ಕಟ್ಟಿಕೊಂಡವನು ಪೈಲ್ವಾನ. ಮೈ ನೋಡಿದರೆ ಕಸಬರಿಗೆ ಕಡ್ಡಿ, ಹೆಸರು ಮಾತ್ರ ಪೈಲ್ವಾನ!

ನನ್ನ ಅಣ್ಣ ಮಲ್ಲುಗೆ ಪೈಲ್ವಾನನೇ ಬೇಕು. ಒಂದೇ ನಾಣ್ಯದಲ್ಲಿ ಇಬ್ಬರೂ ಆಡುತ್ತಿದ್ದೆವು. ಹಿಡಿಕೆ ಅವನ ಕೈಯಲ್ಲಿ, ಗುಂಡಿಗಳು ನನ್ನ ಕೈಯಲ್ಲಿ. ಅವನು ಓಡಿಸಬೇಕು, ನಾನು ಒದೆಯಬೇಕು.

"ಏ ಸುಮೀ, ಒದಿ ಅಂದಾಗ ಒದೀಬೇಕು. ಪಂಚಾಂಗ ನೋಡ್ಕೋತ ನಿಂದ್ರಬ್ಯಾಡ!"

"ನೀ ಮೊದಲ ಹಿಡಿಕಿ ನೆಟ್ಟಗ ತಿರುವು, ಶಾಣ್ಯಾ!"

ಗೆದ್ದರೆ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬರೆಯಬಹುದಿತ್ತು. ಅವನು 'ಎಂ ಎಲ್ ಯು' ಎಂದು ಬರೆಯುತ್ತಿದ್ದ. ನನ್ನ ಹೆಸರು ಎಲ್ಲಿ ಎಂದರೆ, "ಜಾಗಾ ಎಲ್ಲೈತವಾ?" ಅನ್ನುತ್ತಿದ್ದ, ಕಳ್ಳ. ರಾತ್ರಿ ಮಷೀನು ಆರಿಸಿದರೆ ಹೆಸರುಗಳೆಲ್ಲ ಅಳಿಸಿಹೋಗುತ್ತಿದ್ದವು. ಮರುದಿನ ಮತ್ತೆ ಗೆಲ್ಲಬೇಕು.

ಶ್ರಾವಣ ಮುಗಿಯುತ್ತಿದ್ದ ಒಂದು ಭಾನುವಾರ ಮುಂಜಾನೆ ಗೆದ್ದು, ಹೆಸರು ಬರೆದು, ಅಣ್ಣ ಸೋದರಮಾವನ ಜೊತೆ ಶಿರಗುಪ್ಪಿಗೆ ಹೋದ. ಮಧ್ಯಾಹ್ನ ಅಲ್ಲಿಯ ಕೆರೆಗೆ ಈಜಲು ಇಳಿದವನು ಮೇಲೆ ಬರಲಿಲ್ಲ. ಸಂಜೆ ಸುದ್ದಿ ಬಂದಾಗ ಕಾಕಾನ ಅಂಗಡಿಯ ಪರದೆಯಲ್ಲಿ ಅವನ ಹೆಸರು ಇನ್ನೂ ಎಲ್ಲರಿಗಿಂತ ಮೇಲಿತ್ತು.

ಕಾಕಾನಿಗೆ ಆ ದಿನ ಸ್ವಿಚ್ ಆರಿಸಲು ಕೈ ಬರಲಿಲ್ಲ. ಮರುದಿನವೂ ಇಲ್ಲ. ಬೇರೆ ಹುಡುಗರನ್ನು ಕಾರಿನ ಡಬ್ಬಿಗೆ ಅಟ್ಟಿದ. ಕರೆಂಟ್ ಹೋದರೆ ಆರಬಾರದೆಂದು ಲಾರಿ ಬ್ಯಾಟರಿಯ ಇನ್ವರ್ಟರ್ ಹಚ್ಚಿದ. ಯಾರಾದರೂ ಕೇಳಿದರೆ, "ಇರಲಿ ಬಿಡ್ರಿ, ಹುಡುಗನ ಹೆಸರು," ಎಂದಷ್ಟೇ ಅನ್ನುತ್ತಿದ್ದ.

ಶಾಲೆ ಬಿಟ್ಟೊಡನೆ ನಾನು ಅಲ್ಲಿಗೇ. ಯಾರೂ ಆಡದಿದ್ದಾಗ ಆ ಮಷೀನು ಹೆಸರುಗಳ ಪಟ್ಟಿ ತೋರಿಸಿ, ಆಮೇಲೆ ತಾನೇ ಒಂದು ಸಣ್ಣ ಕಾಳಗ ಆಡಿ ತೋರಿಸುತ್ತಿತ್ತು. ಪೈಲ್ವಾನ ಮತ್ತು ಗಂಗವ್ವನ ಕಾಳಗ. ಒಂದು ದಿನ ಸುಮ್ಮನೆ ಒದೆಯುವ ಗುಂಡಿ ಒತ್ತಿದೆ. ಪೈಲ್ವಾನ ಒದ್ದ! ಹಿಡಿಕೆ ಯಾರೂ ಮುಟ್ಟಿಲ್ಲ, ಆದರೂ ಅಣ್ಣ ಓಡಿಸುತ್ತಿದ್ದ ಹಾಗೆಯೇ ಅವನು ಮುಂದೆ ನುಗ್ಗುತ್ತಿದ್ದಾನೆ. ಮಷೀನಿಗೆ ಮೊದಲೇ ಕಲಿಸಿಟ್ಟ ಆಟ ಅದು, ನನ್ನ ಗುಂಡಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಈಗ ಗೊತ್ತು. ಆಗ ಗೊತ್ತಿರಲಿಲ್ಲ. ದಿನಾ ಹಿಡಿಕೆಯ ಬದಿಗೆ ಅಣ್ಣನಿಗೆ ಜಾಗ ಬಿಟ್ಟು, ಬಲಕ್ಕೆ ಸರಿದು ನಿಲ್ಲುತ್ತಿದ್ದೆ. ಎಡ ಮೊಣಕೈಗೆ ಒದ್ದೆ ಅಂಗಿ ತಾಗಿದಂತೆ ತಣ್ಣಗಾಗುತ್ತಿತ್ತು. ಹೆದರಿಕೆಯಾಗುತ್ತಿತ್ತು, ಆದರೆ ಅವನನ್ನು ಬಿಟ್ಟು ಬರಲು ಮನಸ್ಸಾಗುತ್ತಿರಲಿಲ್ಲ.

ಅಷ್ಟರಲ್ಲಿ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಬಂತು. ನವರಾತ್ರಿಯ ಆ ದಿನ ಗೋಕುಲ ರಸ್ತೆಯಲ್ಲಿ ಒಂದು ಮಷೀನೂ ತಿರುಗುವುದಿಲ್ಲ. ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ದುಡಿದ ಕಬ್ಬಿಣಕ್ಕೆ ಒಂದು ದಿನದ ವಿಶ್ರಾಂತಿ. ಲೇಥ್ ಮಾರಿದರೂ ಕಾಕಾ ಆ ನೇಮ ಬಿಟ್ಟವನಲ್ಲ. ಅವನು ಹಾರ ತರಿಸಿದ್ದು ನೋಡಿ ಮನೆಗೆ ಓಡಿದೆ.

"ಯವ್ವಾ, ಕಾಕಾ ಮಷೀನ ಆರಸ್ತಾನ! ಅಣ್ಣ ಅದರಾಗ ಅದಾನ, ಖರೇನ ಹೇಳಾಕತ್ತೇನಿ!"

ಹೊಡೆಯುತ್ತಾಳೆ ಅಂದುಕೊಂಡಿದ್ದೆ. "ಆ ಡಬ್ಬಿ ಮುಂದ ನಿಂತು ಹಾಳಾಗ್ರಿ" ಎಂದು ದಿನಾ ಬಯ್ಯುತ್ತಿದ್ದ, ಆ ಅಂಗಡಿಯ ಹೊಸ್ತಿಲು ಎಂದೂ ತುಳಿಯದ ಅವ್ವ, ಸೆರಗು ಹೊದ್ದು ನನ್ನ ಹಿಂದೆ ಬಂದಳು.

ಕಾಕಾ ಹಾರ ಹಿಡಿದು ನಿಂತಿದ್ದ. "ನೀವ ಹೇಳ್ರಿ ಅಕ್ಕಾರ. ಇರಲಿ ಅಂದ್ರ ಈ ವರ್ಷ ಪೂಜಿ ಬಿಡ್ತೇನಿ."

ಅವ್ವ ನನ್ನ ಕಡೆ ತಿರುಗಿ, "ಎಲ್ಲಿ ಅದಾನ, ತೋರಸು," ಅಂದಳು.

ಹೆಸರು ತೋರಿಸಿದೆ. ಓದು ಬಾರದ ಅವ್ವ ಗಾಜಿನ ಮೇಲೆ ಬೆರಳಿಟ್ಟು ಆ ಮೂರು ಅಕ್ಷರ ಸವರಿದಳು. ಪಟ್ಟಿ ಹೋಗಿ ಕಾಳಗ ಶುರುವಾಯಿತು.

"ಅವನ ನೋಡ ಯವ್ವಾ, ಕೆಂಪ ಬಟ್ಟಿ ಕಟ್ಟಿದಾಂವ."

ಪೈಲ್ವಾನ ನುಗ್ಗಿದ, ಒದ್ದ, ಕೊನೆಗೆ ಗಂಗವ್ವನ ಹೊಡೆತಕ್ಕೆ ಅಂಗಾತ ಬಿದ್ದ. ಮತ್ತೆ ಪಟ್ಟಿ, ಮತ್ತೆ ಕಾಳಗ. ಮತ್ತೆ ಬಿದ್ದ. ಬೀಳುವಾಗ ಬಾಯಿ ತೆರೆದು ಎರಡೂ ಕೈ ಮೇಲೆತ್ತುತ್ತಿದ್ದ. ಅಷ್ಟು ದಿನ ನೋಡಿಯೂ ನಾನು ಅದನ್ನು ನೋಡಿರಲಿಲ್ಲ.

"ದಿನಾ ಹಿಂಗ ಬೀಳ್ತಾನೇನ?" ಅವ್ವ ಕೇಳಿದಳು.

"ಹೂಂ," ಅಂದೆ.

"ರಾತ್ರಿನೂ?"

ಕಾಕಾ ತಲೆ ತಗ್ಗಿಸಿದ.

ಅವ್ವ ಕಾಕಾನ ಕಡೆ ತಿರುಗಿದಳು. "ಸಾಕ್ರಿ ಅಣ್ಣಾರ. ಎಷ್ಟ ಸಲ ಸಾಯಬೇಕ್ರಿ ನನ್ನ ಕೂಸು? ಆರಸ್ರಿ."

ಕಾಕಾನಿಂದ ಆಗಲಿಲ್ಲ. ಅವ್ವನೇ ಸ್ವಿಚ್ ಒತ್ತಿದಳು. ಪರದೆ ಒಂದು ಚುಕ್ಕೆಯಷ್ಟಾಗಿ, ಕಪ್ಪಾಯಿತು. ನಾನು ಅವಳ ಸೆರಗು ಜಗ್ಗಿ ಕಿರುಚಿ ಅತ್ತೆ. ಅವಳು ಗಾಜಿಗೆ ವಿಭೂತಿ ಹಚ್ಚಿ, ತೊಟ್ಟಿಲ ಕೂಸಿಗೆ ತಟ್ಟುವಂತೆ ಆ ಡಬ್ಬಿಯನ್ನು ಮೆಲ್ಲಗೆ ತಟ್ಟಿದಳು.

ಈಗ ಅವ್ವನೂ ಇಲ್ಲ, ಕಾಕಾನೂ ಇಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಒಂದೇ ಆಟಕ್ಕೆ ಇಬ್ಬರು ಮೈಗೆ ಮೈ ತಾಗಿಸಿ ನಿಂತು ಜಗಳಾಡುವುದು ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ. ನನ್ನ ಮಗ ಸೋಫಾದಲ್ಲಿ ಒಬ್ಬನೇ ಬಿದ್ದುಕೊಂಡು ಆಡುತ್ತಾನೆ. ಅವನು ಗೆದ್ದದ್ದೆಲ್ಲ ಫೋನಿನಲ್ಲಿ ತಾನಾಗಿ ಉಳಿಯುತ್ತದೆ, ಯಾವ ಹೆಸರೂ ಅಳಿಸುವುದಿಲ್ಲ. ಮೊನ್ನೆ ಅವನೇ ಆ ಹಳೆಯ ಆಟ ಹುಡುಕಿ ನನ್ನ ಫೋನಿಗೆ ಹಾಕಿಕೊಟ್ಟು, "ಆಡು ಮಮ್ಮಿ," ಅಂದ. ಏನಂತ ಆಡಲಿ? ನನಗೆ ಬರುವುದು ಗುಂಡಿ ಒತ್ತುವುದಷ್ಟೇ. ಹಿಡಿಕೆ ಹಿಡಿಯುವವನಿಲ್ಲ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಸುಮ್ಮನೆ ಹಚ್ಚಿಡುತ್ತೇನೆ. ಪೈಲ್ವಾನ ಬರುತ್ತಾನೆ, ನುಗ್ಗುತ್ತಾನೆ, ಒದೆಯುತ್ತಾನೆ. ಎಡ ಮೊಣಕೈ ತಣ್ಣಗಾಗುತ್ತದೆ. ಅವನು ಬೀಳುವ ಮೊದಲೇ ಆರಿಸಿಬಿಡುತ್ತೇನೆ.